ಪಿಯುಸಿ ಆದ ಮೇಲೆ ಸೈಕಾಲಜಿ: ಬಿಎ, ಬಿಎಸ್ಸಿ, ಆನರ್ಸ್, ಯಾರಿಗೆ ಯಾವುದು?

ಪಿಯುಸಿ ಫಲಿತಾಂಶ ಬಂದ ವಾರ ಸೈಕಾಲಜಿ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಬಿಎ ಒಳ್ಳೇದಾ, ಬಿಎಸ್ಸಿ ಒಳ್ಳೇದಾ? ಕೇಳುವವರು ಹೆಚ್ಚಾಗಿ ಅಪ್ಪ-ಅಮ್ಮ. ಮಕ್ಕಳು ಅಷ್ಟರಲ್ಲಿ ಬೆಂಗಳೂರಿನ ಯಾವುದೋ ಕಾಲೇಜಿನ ಬ್ರೋಷರ್ ಡೌನ್‌ಲೋಡ್ ಮಾಡಿಕೊಂಡಿರುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿಎನೋ ಬಿಎಸ್ಸಿಯೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಡಿಗ್ರಿ ಮುಗಿದ ಮೇಲೆ ಇನ್ನೂ ಎಷ್ಟು ವರ್ಷ ಓದಬೇಕು, ಆ ಓದಿಗೆ ಕೈಯಲ್ಲಿ ದುಡ್ಡು ಉಳಿದಿರುತ್ತಾ ಅನ್ನೋದನ್ನು ನೋಡಿ. ಮೊದಲ ಮೂರು ವರ್ಷಕ್ಕೇ ಸಾಲ ಮಾಡಿ, ಎಂಎ ಹೊತ್ತಿಗೆ "ಸಾಕು, ಎಲ್ಲಾದರೂ ಕೆಲಸಕ್ಕೆ ಸೇರ್ಕೋ" ಅನ್ನುವ ಮನೆಗಳು ಕಡಿಮೆಯಿಲ್ಲ. ಈ ವಿಷಯದಲ್ಲಿ ಅರ್ಧಕ್ಕೆ ನಿಲ್ಲಿಸಿದರೆ ಸಿಗುವುದು ತುಂಬಾ ಕಡಿಮೆ.

ಮೊದಲು ದಾರಿ ಎಷ್ಟು ಉದ್ದ ನೋಡಿ

ಸೈಕಾಲಜಿಯಲ್ಲಿ ಬಿಎ ಮಾಡಿದವರು ಸೈಕಾಲಜಿಸ್ಟ್ ಆಗುವುದಿಲ್ಲ. ಇದನ್ನು ಕಾಲೇಜಿನವರು ಸೀಟು ಕೊಡುವಾಗ ಜೋರಾಗಿ ಹೇಳುವುದಿಲ್ಲ, ಅಷ್ಟೇ. ಡಿಗ್ರಿ ಮೇಲೆ ಎಂಎ ಅಥವಾ ಎಂಎಸ್ಸಿ ಮಾಡಿದರೆ ಶಾಲೆ, ಕಾಲೇಜು, ಎನ್‌ಜಿಒಗಳಲ್ಲಿ ಕೌನ್ಸೆಲರ್ ಕೆಲಸ ಹುಡುಕಬಹುದು. ಕಂಪನಿಯ ಎಚ್‌ಆರ್ ಕಡೆಗೂ ಹೋಗಬಹುದು.

ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಅದೂ ಸಾಲದು. 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಎಲ್ಲರೂ ಆರ್‌ಸಿಐ ಅನ್ನುವ ಸಂಸ್ಥೆಯಲ್ಲಿ, ಹೆಸರು ನೋಂದಣಿ ಆಗಬೇಕು. ಅದಕ್ಕೆ ಇಷ್ಟು ದಿನ ಇದ್ದ ಮುಖ್ಯ ದಾರಿ ಎರಡು ವರ್ಷದ ಎಂ.ಫಿಲ್. ಬೆಂಗಳೂರಿನ ನಿಮ್ಹಾನ್ಸ್ ಈ ಎಂ.ಫಿಲ್‌ಗೆ ದೇಶದಲ್ಲೇ ಹೆಸರುವಾಸಿ. ಅಲ್ಲಿನ ಪ್ರವೇಶ ಪರೀಕ್ಷೆ ಬರೆಯಲು ಸೈಕಾಲಜಿ ಎಂಎ ಅಥವಾ ಎಂಎಸ್ಸಿ ಬೇಕು. ಸೀಟು ಕಡಿಮೆ, ಬರೆಯುವವರು ಜಾಸ್ತಿ. "ಮಗಳನ್ನು ಪಿಯುಸಿ ಆದ ತಕ್ಷಣ ನಿಮ್ಹಾನ್ಸ್‌ಗೆ ಸೇರಿಸಬೇಕು" ಅನ್ನುವವರು ಇದ್ದಾರೆ. ಅಲ್ಲಿ ಸೈಕಾಲಜಿ ಡಿಗ್ರಿ ಕೋರ್ಸೇ ಇಲ್ಲ.

ಈ ಎಂ.ಫಿಲ್ ದಾರಿಯೂ ಈಗ ಬದಲಾಗುತ್ತಿದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಎಲ್ಲ ಎಂ.ಫಿಲ್‌ಗಳನ್ನೂ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರ ಪ್ರವೇಶದ ತನಕ ವಿನಾಯಿತಿ ಕೊಟ್ಟಿತ್ತು. ಇನ್ನೊಂದು ಕಡೆ ಆರ್‌ಸಿಐ ಕ್ಲಿನಿಕಲ್ ಸೈಕಾಲಜಿಯಲ್ಲೇ ನಾಲ್ಕು ವರ್ಷದ ಬಿಎಸ್ಸಿ ಆನರ್ಸ್, ಎರಡು ವರ್ಷದ ಎಂಎ, ಮೇಲೆ ಸೈಡಿ (Psy.D.) ಅನ್ನುವ ಡಾಕ್ಟರೇಟ್, ಹೀಗೆ ಹೊಸ ಮೆಟ್ಟಿಲುಗಳನ್ನು ತಂದಿದೆ. ಈಗ ಪಿಯುಸಿ ಮುಗಿಸಿದವರು ಎಂಎ ಮುಗಿಸುವ ಹೊತ್ತಿಗೆ ನಿಯಮ ಇನ್ನಷ್ಟು ಬದಲಾಗಬಹುದು. ಹಾಗಾಗಿ ಯಾವ ಕಾಲೇಜಿನವರ ಬಾಯಿಮಾತನ್ನೂ ನಂಬಿ ಕೂರಬೇಡಿ. ವರ್ಷಕ್ಕೊಮ್ಮೆ ಆರ್‌ಸಿಐ ವೆಬ್‌ಸೈಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇಷ್ಟು ಗೊತ್ತಾದ ಮೇಲೆ ಈಗ ಕಾಲೇಜುಗಳಿಗೆ ಬರೋಣ.

ಊರ ಹತ್ತಿರದ ಬಿಎ

ಕರ್ನಾಟಕದಲ್ಲಿ ಹೆಚ್ಚಿನ ಮಕ್ಕಳು ಸೈಕಾಲಜಿ ಓದುವುದು ಮೂರು ವಿಷಯಗಳ ಬಿಎನಲ್ಲಿ. ಸರ್ಕಾರಿ ಅಥವಾ ಅನುದಾನಿತ ಕಾಲೇಜು, ರಾಜ್ಯ ವಿಶ್ವವಿದ್ಯಾಲಯದ ಸಿಲಬಸ್. ನಡುವೆ ಒಂದು ಗೊಂದಲವೂ ಆಯಿತು. 2021-22ರಲ್ಲಿ ಹೊಸ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೇ ಮರಳಿತು. ಅಣ್ಣ ಒಂದು ರೀತಿ, ತಂಗಿ ಇನ್ನೊಂದು ರೀತಿ ಓದಿದ ಮನೆಗಳಿವೆ.

ಈ ಬಿಎಯನ್ನು ಕೀಳಾಗಿ ನೋಡುವುದು ಸುಮ್ನೆ ಒಂದು ಫ್ಯಾಷನ್. ನಮ್ಮ ಕಡೆ ಸೈಕಾಲಜಿ ನಿನ್ನೆ ಮೊನ್ನೆ ಬಂದದ್ದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ವಿಭಾಗ ಶುರುವಾಯಿತು. ಕಲ್ಕತ್ತಾ ಬಿಟ್ಟರೆ ದೇಶದಲ್ಲಿ ಅದೇ ಮೊದಲು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ, ಬುದ್ಧಿಮತ್ತೆಯ ಅಧ್ಯಯನಕ್ಕೆ ಹೆಸರಾದ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. (1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿ 'ಆಕಾಶವಾಣಿ' ಅಂತ ಕರೆದವರೂ ಇದೇ ಮೇಷ್ಟ್ರು.) ಧಾರವಾಡದಲ್ಲಿ ವಿ.ವಿ. ಕಾಮತರು 1930ರ ದಶಕದಲ್ಲಿ ಬಿನೆ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಇವತ್ತಿಗೂ ಮಗುವಿನ ಐಕ್ಯೂ ನೋಡಲು ಬಿನೆ-ಕಾಮತ್ ಟೆಸ್ಟ್ ಬಳಸುವ ಆಸ್ಪತ್ರೆಗಳಿವೆ.

ಸರ್ಕಾರಿ ಕಾಲೇಜಿನ ದೊಡ್ಡ ಲಾಭ ಫೀಸು. ಮೂರು ವರ್ಷದ ಒಟ್ಟು ಫೀಸು ಖಾಸಗಿ ವಿವಿಯ ಒಂದು ಸೆಮಿಸ್ಟರ್‌ಗಿಂತ ಕಡಿಮೆ ಇರುತ್ತದೆ. ಮನೆಯಿಂದಲೇ ಓಡಾಡಿದರೆ ಹಾಸ್ಟೆಲ್ ಖರ್ಚೂ ಇಲ್ಲ. ದೊಡ್ಡ ತೊಂದರೆ ಮೇಷ್ಟ್ರುಗಳದ್ದು. ಕಾಯಂ ಉಪನ್ಯಾಸಕರು ಇಲ್ಲದೆ ಅತಿಥಿ ಉಪನ್ಯಾಸಕರ ಮೇಲೆಯೇ ವಿಭಾಗ ನಡೆಯುವ ಕಾಲೇಜುಗಳಿವೆ. ಅತಿಥಿ ಉಪನ್ಯಾಸಕರು ಚೆನ್ನಾಗಿ ಪಾಠ ಮಾಡುವುದಿಲ್ಲ ಅಂತಲ್ಲ. ಅವರಲ್ಲಿ ತುಂಬಾ ಒಳ್ಳೆಯವರಿದ್ದಾರೆ. ಆದರೆ ಅವರ ನೇಮಕವೇ ತಡವಾದರೆ ಸೆಮಿಸ್ಟರಿನ ಮೊದಲ ತಿಂಗಳು ಖಾಲಿ ಹೋಗುತ್ತದೆ.

ಕಾಂಬಿನೇಶನ್ ಬಗ್ಗೆ ಎರಡು ಮಾತು. ಉಳಿದ ಎರಡು ವಿಷಯಗಳನ್ನು ಲಾಟರಿ ಎತ್ತಿದಂತೆ ಆರಿಸಬೇಡಿ. ಬಿ.ಇಡ್. ಮಾಡಿ ಹೈಸ್ಕೂಲ್ ಟೀಚರ್ ಆಗುವ ಯೋಚನೆ ಸ್ವಲ್ಪವಾದರೂ ಇದ್ದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಂಥ ವಿಷಯಗಳು ಜೊತೆಗಿರಲಿ. ಹೈಸ್ಕೂಲಿನಲ್ಲಿ ಸೈಕಾಲಜಿ ಪಾಠದ ವಿಷಯವೇ ಅಲ್ಲ. ನೇಮಕಾತಿ ನಿಯಮ ನೋಡುವಾಗ ಆ ಇನ್ನೆರಡು ವಿಷಯಗಳೇ ಕೈಹಿಡಿಯಬೇಕು. ಸಮಾಜಶಾಸ್ತ್ರ ಸೈಕಾಲಜಿಗೆ ಸಹಜ ಜೋಡಿ. ಜರ್ನಲಿಸಂ ಜೊತೆ ಓದಿದವರು ಬರವಣಿಗೆಯಲ್ಲಿ ಗಟ್ಟಿಯಾಗುತ್ತಾರೆ. ಸೈಕಾಲಜಿಯಲ್ಲಿ ರಿಪೋರ್ಟ್ ಬರೆಯುವ ಕೆಲಸ ಎಷ್ಟಿದೆ ಅಂತ ಮುಂದೆ ಗೊತ್ತಾಗುತ್ತದೆ. ಇನ್ನು ಐಎಎಸ್ ಕನಸಿನವರಿಗೆ: ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಸೈಕಾಲಜಿಯೂ ಇದೆ.

ಬಿಎಗೂ ಬಿಎಸ್ಸಿಗೂ ಏನು ವ್ಯತ್ಯಾಸ?

ಅಂದುಕೊಂಡಷ್ಟಿಲ್ಲ. ಎರಡರಲ್ಲೂ ಸಾಮಾನ್ಯ ಮನೋವಿಜ್ಞಾನ, ಬೆಳವಣಿಗೆಯ ಮನೋವಿಜ್ಞಾನ, ಸಾಮಾಜಿಕ ಮನೋವಿಜ್ಞಾನ, ಮಾನಸಿಕ ಕಾಯಿಲೆಗಳು, ಸ್ಟ್ಯಾಟಿಸ್ಟಿಕ್ಸ್ ಇರುತ್ತವೆ. ಎರಡರಲ್ಲೂ ಪ್ರಾಕ್ಟಿಕಲ್ ಇರುತ್ತದೆ. ಬಿಎಸ್ಸಿಯಲ್ಲಿ ಮೆದುಳು, ನರಮಂಡಲ, ಸ್ಟ್ಯಾಟಿಸ್ಟಿಕ್ಸ್ ಕಡೆಗೆ ಒಲವು ಸ್ವಲ್ಪ ಜಾಸ್ತಿ. ಅದೂ ಕಾಲೇಜಿನಿಂದ ಕಾಲೇಜಿಗೆ ಬೇರೆ. ಸೈನ್ಸ್ ಓದದವರಿಗೂ ಬಿಎಸ್ಸಿ ಸೈಕಾಲಜಿ ಸೀಟು ಕೊಡುವ ವಿವಿಗಳಿವೆ. ಪಿಯುಸಿಯಲ್ಲಿ ಸೈನ್ಸ್ ಇರಲೇಬೇಕು ಅನ್ನುವವೂ ಇವೆ. ಎಂಎ, ಎಂಎಸ್ಸಿಗೆ ಅರ್ಜಿ ಹಾಕುವಾಗ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಕಾಲೇಜುಗಳ ನಿಜವಾದ ವ್ಯತ್ಯಾಸ ಕಾಣುವುದು ಲ್ಯಾಬಿನಲ್ಲಿ. ಒಂದು ಪ್ರಾಕ್ಟಿಕಲ್ ಹೇಗೆ ನಡೆಯುತ್ತದೆ ನೋಡಿ.

ಮಿರರ್ ಡ್ರಾಯಿಂಗ್ ಅಂತ ಒಂದು ಹಳೇ ಪ್ರಯೋಗ. ಒಂದು ಹಲಗೆ, ಅದರ ಆ ತುದಿಗೆ ನೆಟ್ಟಗೆ ನಿಲ್ಲಿಸಿದ ಕನ್ನಡಿ, ಕೈ ಕಾಣದ ಹಾಗೆ ಅಡ್ಡ ಒಂದು ಪರದೆ. ಹಲಗೆ ಮೇಲೆ ಎರಡು ಗೆರೆಗಳ ನಕ್ಷತ್ರ. ಇಬ್ಬರು ಜೋಡಿಯಾಗಿ ಕೂರುತ್ತಾರೆ. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು 'ಸಬ್ಜೆಕ್ಟ್'. ಸಬ್ಜೆಕ್ಟ್ ಕನ್ನಡಿಯನ್ನಷ್ಟೇ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೇಲಕ್ಕೆ ಹೋಗಬೇಕು ಅಂತ ತಳ್ಳಿದರೆ ಕನ್ನಡಿಯಲ್ಲಿ ಪೆನ್ಸಿಲ್ ಕೆಳಕ್ಕೆ ಬರುತ್ತದೆ. ಮೂಲೆಗೆ ಬಂದಾಗ ಕೈ ಮರಗಟ್ಟಿದ ಹಾಗೆ ನಿಂತುಬಿಡುತ್ತದೆ. ಪಕ್ಕದವರು ಸ್ಟಾಪ್‌ವಾಚ್ ಹಿಡಿದು ಎಷ್ಟು ಸೆಕೆಂಡ್ ಆಯಿತು, ಎಷ್ಟು ಸಲ ಗೆರೆ ದಾಟಿತು ಅಂತ ಬರೆದುಕೊಳ್ಳುತ್ತಾರೆ. ಮೊದಲು ಎಡಗೈಯಲ್ಲಿ ಒಂದು ಸಲ, ಆಮೇಲೆ ಬಲಗೈಯಲ್ಲಿ ಹಲವು ಸಲ ಅಭ್ಯಾಸ, ಕೊನೆಗೆ ಮತ್ತೆ ಎಡಗೈ. ಬಲಗೈ ಕಲಿತದ್ದು ಎಡಗೈಗೂ ದಾಟಿತಾ ಅಂತ ನೋಡುವುದು ಈ ಪ್ರಯೋಗದ ಉದ್ದೇಶ. ಮುಗಿದ ಮೇಲೆ ಸಬ್ಜೆಕ್ಟ್‌ಗೆ ಏನನಿಸಿತು ಅಂತ ಕೇಳಿ ಅದನ್ನೂ ಬರೆಯಬೇಕು.

ಇದನ್ನು ಕೂತು ಮಾಡಿದ ಹುಡುಗಿಗೆ ಡೇಟಾ ಅಂದರೇನು, ಒಬ್ಬರ ಫಲಿತಾಂಶಕ್ಕೂ ಇಡೀ ಕ್ಲಾಸಿನ ಸರಾಸರಿಗೂ ಏನು ವ್ಯತ್ಯಾಸ, ಸೂಚನೆಯನ್ನು ಎಲ್ಲರಿಗೂ ಒಂದೇ ರೀತಿ ಯಾಕೆ ಓದಬೇಕು ಅನ್ನುವುದೆಲ್ಲ ತಾನಾಗಿ ಅರ್ಥವಾಗುತ್ತದೆ. ಮುಂದೆ ಆಸ್ಪತ್ರೆಯಲ್ಲಿ ಮಗುವಿಗೆ ಬುದ್ಧಿಮತ್ತೆ ಪರೀಕ್ಷೆ ಮಾಡುವಾಗ ಬೇಕಾಗುವ ಶಿಸ್ತು ಇದೇ. ಆದರೆ ಉಪಕರಣ ಬೀರುವಿನಲ್ಲಿ ಬೀಗ ಹಾಕಿಟ್ಟು, ಬೋರ್ಡಿನ ಮೇಲೆ ಟೇಬಲ್ ಬರೆದು, "ಇದನ್ನೇ ರೆಕಾರ್ಡಿಗೆ ಇಳಿಸ್ಕೊಳ್ಳಿ" ಅನ್ನುವ ಕಾಲೇಜುಗಳೂ ಇವೆ. ಆ ಕಾಲೇಜಿನ ಬಿಎಸ್ಸಿಗಿಂತ ಲ್ಯಾಬ್ ನಡೆಯುವ ಕಾಲೇಜಿನ ಬಿಎ ಎಷ್ಟೋ ಮೇಲು.

ಪತ್ತೆ ಹಚ್ಚುವುದು ಸುಲಭ. ಕಾಲೇಜಿಗೆ ಹೋದಾಗ ಆಫೀಸಿನವರನ್ನು ಕೇಳಬೇಡಿ. ಕ್ಯಾಂಟೀನಿನಲ್ಲಿ ಎರಡನೇ ವರ್ಷದ ಇಬ್ಬರನ್ನು ಹಿಡಿದು ಅವರ ರೆಕಾರ್ಡ್ ಪುಸ್ತಕ ಕೇಳಿ. ಇಬ್ಬರದ್ದರಲ್ಲೂ ಸೆಕೆಂಡು, ತಪ್ಪುಗಳ ಲೆಕ್ಕ ಒಂದೇ ಆಗಿದ್ದರೆ ಅರ್ಥ ಆಯ್ತಲ್ವಾ?

ಇನ್ನೊಂದು ಎಚ್ಚರಿಕೆ. ಲೆಕ್ಕ ಬೇಡ ಅಂತಲೇ ಆರ್ಟ್ಸ್ ತೆಗೆದುಕೊಂಡು ಸೈಕಾಲಜಿಗೆ ಬರುವವರು ತುಂಬಾ. ಇಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್, ಕೋರಿಲೇಶನ್, ಟಿ-ಟೆಸ್ಟ್ ತಪ್ಪುವುದಿಲ್ಲ. ಹೈಸ್ಕೂಲ್ ಗಣಿತ ಸಾಕು, ಹೆದರಬೇಕಾಗಿಲ್ಲ. ಆದರೆ ಇಲ್ಲ ಅಂದುಕೊಂಡು ಬರಬೇಡಿ.

ಬೆಂಗಳೂರಿನ ಖಾಸಗಿ ವಿವಿ ಮತ್ತು ಆನರ್ಸ್

ಖಾಸಗಿ ಮತ್ತು ಡೀಮ್ಡ್ ವಿವಿಗಳಲ್ಲಿ ನಾಲ್ಕು ವರ್ಷದ ಆನರ್ಸ್ ಮುಂದುವರಿದಿದೆ. ಕ್ರೈಸ್ಟ್‌ನಂಥ ಕಡೆ ಸೈಕಾಲಜಿ ವಿಭಾಗವೇ ದೊಡ್ಡದು. ಮೇಷ್ಟ್ರುಗಳು ಹೆಚ್ಚು, ಒಬ್ಬೊಬ್ಬರದ್ದು ಒಂದೊಂದು ಕ್ಷೇತ್ರ. ಇಂಟರ್ನ್‌ಶಿಪ್ ಸಿಲಬಸ್‌ನಲ್ಲೇ ಇರುತ್ತದೆ. ಹೊಸ ಪುಸ್ತಕ, ಜರ್ನಲ್ ಓದಲು ಲೈಬ್ರರಿ ಇರುತ್ತದೆ. ನಾಲ್ಕನೇ ವರ್ಷ ಸಂಶೋಧನಾ ಪ್ರಬಂಧ ಬರೆದವರಿಗೆ ಎಂಎ ಹಗುರವಾಗುತ್ತದೆ.

ಬೆಲೆ ಮಾತ್ರ ಜೋರು. ವರ್ಷಕ್ಕೆ ಲಕ್ಷದ ಲೆಕ್ಕ. ಮೇಲೆ ಪೇಯಿಂಗ್ ಗೆಸ್ಟ್ ಬಾಡಿಗೆ, ಊಟ, ಓಡಾಟ. ನಾಲ್ಕು ವರ್ಷ ಗುಣಿಸಿ, ಅದರ ಮುಂದೆ ಎಂಎ ಸೇರಿಸಿ ಒಂದು ಹಾಳೆಯ ಮೇಲೆ ಬರೆದು ನೋಡಿ. ನಾಲ್ಕು ವರ್ಷದ ಆನರ್ಸ್ ಆದವರಿಗೆ ಒಂದೇ ವರ್ಷದ ಎಂಎ ಸಾಕು ಅಂತ ಯುಜಿಸಿ ಚೌಕಟ್ಟು ಹೇಳುತ್ತದೆ ನಿಜ. ಆದರೆ ನೀವು ಸೇರಬೇಕೆಂದಿರುವ ವಿವಿಯಲ್ಲಿ ಆ ಒಂದು ವರ್ಷದ ಕೋರ್ಸ್ ಇದೆಯಾ ಅನ್ನುವುದು ಬೇರೆ ಪ್ರಶ್ನೆ. ಅದನ್ನು ಕೇಳಿಯೇ ಲೆಕ್ಕ ಹಾಕಿ.

ನನ್ನ ಸಲಹೆ ಇಷ್ಟು. ಆರು ವರ್ಷದ ಖರ್ಚಿಗೂ ಸಾಲವಿಲ್ಲದೆ ದುಡ್ಡಿದೆ ಅಂದರೆ ಸೇರಿಸಿ, ಒಳ್ಳೆಯದೇ. ಮೂರು ವರ್ಷಕ್ಕೆ ಮಾತ್ರ ಇದೆ ಅಂದರೆ ಡಿಗ್ರಿ ಊರಲ್ಲಿ ಮಾಡಿಸಿ, ಆ ದುಡ್ಡು ಎಂಎಗೆ ಇಟ್ಟುಕೊಳ್ಳಿ. ಮುಂದೆ ಕೆಲಸ ಕೊಡುವವರು ನೋಡುವುದು ಕೊನೆಯ ಡಿಗ್ರಿಯನ್ನು, ತರಬೇತಿ ಎಲ್ಲಿ ಆಯಿತು ಅನ್ನುವುದನ್ನು.

ದೆಹಲಿಗೆ ಹೋಗುವುದಾದರೆ

ದೆಹಲಿ ವಿವಿಯ ಬಿಎ ಆನರ್ಸ್ ಸೈಕಾಲಜಿ ಬಗ್ಗೆ ನಮ್ಮ ಕಡೆ ಮಾತೇ ಕಡಿಮೆ. 2022ರಿಂದ ಸಿಯುಇಟಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಸೀಟು. ಲೇಡಿ ಶ್ರೀರಾಮ್‌ನಂಥ ಕಾಲೇಜಿಗೆ ಸ್ಪರ್ಧೆ ವಿಪರೀತ. ಫೀಸು ಬೆಂಗಳೂರಿನ ಖಾಸಗಿ ವಿವಿಗಿಂತ ತುಂಬಾ ಕಡಿಮೆ. ಆದರೆ ಹಾಸ್ಟೆಲ್ ಸಿಗದಿದ್ದರೆ ಬಾಡಿಗೆಯಲ್ಲಿ ಆ ಉಳಿತಾಯ ಕರಗುತ್ತದೆ. ಹಿಂದಿ ಬಾರದಿದ್ದರೂ ಕ್ಲಾಸಿನಲ್ಲಿ ನಡೆಯುತ್ತದೆ. ಹೊರಗೆ ಫೀಲ್ಡ್‌ವರ್ಕ್‌ಗೆ ಹೋದಾಗ ಕಷ್ಟ. ಓದಿನಲ್ಲಿ ಮುಂದಿರುವ, ಮನೆ ಬಿಟ್ಟು ಇರಬಲ್ಲ ಮಕ್ಕಳಿಗೆ ಇದು ಒಳ್ಳೇ ದಾರಿ.

ಅಂಚೆ ಮೂಲಕ, ಆನ್‌ಲೈನ್: ಆ ಬಾಗಿಲು ಮುಚ್ಚಿದೆ

ಕೆಲಸ ಮಾಡುತ್ತಾ, ಮಗು ನೋಡಿಕೊಳ್ಳುತ್ತಾ ದೂರಶಿಕ್ಷಣದ ಇಗ್ನೋ ವಿವಿಯಲ್ಲಿ ಸೈಕಾಲಜಿ ಮುಗಿಸಿದವರು ಸಾವಿರಾರು ಜನ. ಈಗ ಹೊಸದಾಗಿ ಸೇರಲು ಆಗುವುದಿಲ್ಲ. ಆರೋಗ್ಯಕ್ಕೆ ಸಂಬಂಧಪಟ್ಟ ವಿಷಯಗಳನ್ನು ದೂರಶಿಕ್ಷಣ, ಆನ್‌ಲೈನ್ ಮೂಲಕ ಕಲಿಸಬಾರದು ಅಂತ ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ನಿಲ್ಲಿಸಿತು. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ ಸೈಕಾಲಜಿಯೂ ಇದೆ. ಹಾಗಾಗಿ "ಮನೆಯಲ್ಲೇ ಕೂತು ಸೈಕಾಲಜಿ ಡಿಗ್ರಿ" ಅಂತ ಈಗ ಯಾರಾದರೂ ಜಾಹೀರಾತು ಹಾಕಿದರೆ ಅನುಮಾನ ಪಡಿ. ಊರಲ್ಲೇ ಇದ್ದು ಓದಬೇಕಾದ ಹೆಣ್ಣುಮಕ್ಕಳಿಗೆ ಈ ಆದೇಶದಿಂದ ಆದ ನಷ್ಟ ದೊಡ್ಡದು. ಆದರೆ ಪ್ರಾಕ್ಟಿಕಲ್ ಇಲ್ಲದ ಡಿಗ್ರಿಗಳು ಹೆಚ್ಚಾಗಿದ್ದವು ಅನ್ನುವುದೂ ಸುಳ್ಳಲ್ಲ.

ಆರು ವಾರದ 'ಸರ್ಟಿಫೈಡ್ ಕೌನ್ಸೆಲರ್' ಕೋರ್ಸುಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ದುಡ್ಡು ಉಳಿಸಿ.

ಪಕ್ಕದ ದಾರಿಗಳು

ಕೆಲವರಿಗೆ ಬೇಕಿರುವುದು ಸೈಕಾಲಜಿಯೇ ಅಲ್ಲ. "ಮಾನಸಿಕ ಕಾಯಿಲೆಗೆ ಔಷಧ ಕೊಡುವ ಡಾಕ್ಟರ್ ಆಗಬೇಕು" ಅನ್ನುವ ಮಗು ಹೋಗಬೇಕಾದದ್ದು ನೀಟ್ ಬರೆದು ಎಂಬಿಬಿಎಸ್‌ಗೆ, ಆಮೇಲೆ ಮೂರು ವರ್ಷದ ಎಂಡಿ ಸೈಕಿಯಾಟ್ರಿಗೆ. ಸೈಕಾಲಜಿಯಲ್ಲಿ ಎಷ್ಟೇ ಓದಿದರೂ ಮಾತ್ರೆ ಬರೆಯುವ ಅಧಿಕಾರ ಬರುವುದಿಲ್ಲ. ಎರಡನೇ ಪಿಯುಸಿಯಲ್ಲಿ ಆರ್ಟ್ಸ್ ಓದಿ ಮುಗಿಸಿದ ಮೇಲೆ ಇದು ಗೊತ್ತಾದರೆ ಹಿಂದಕ್ಕೆ ಬರುವುದು ಕಷ್ಟ. ಎಸ್‌ಎಸ್‌ಎಲ್‌ಸಿ ಆದಾಗಲೇ ಕೇಳಿ ತಿಳಿದುಕೊಳ್ಳಿ.

ಇನ್ನು ಕೆಲವರಿಗೆ ಜನರ ನಡುವೆ ಓಡಾಡಿ ಕೆಲಸ ಮಾಡುವ ಆಸೆ. ಮನೆ ಭೇಟಿ, ಪಿಂಚಣಿ ಅರ್ಜಿ, ಕುಡಿತ ಬಿಡಿಸುವುದು, ಕುಟುಂಬದವರ ಜೊತೆ ಮಾತು. ಅಂಥವರು ಸೋಶಿಯಲ್ ವರ್ಕ್ ಡಿಗ್ರಿಗಳಾದ ಬಿಎಸ್‌ಡಬ್ಲ್ಯು, ಎಂಎಸ್‌ಡಬ್ಲ್ಯು ನೋಡಬೇಕು. ಮಂಗಳೂರಿನ ರೋಶನಿ ನಿಲಯದಂಥ ಕಡೆ ಇದಕ್ಕೆ ಹಳೆಯ ಹೆಸರಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಗಳ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದರು. ಆ ಮಾದರಿಯಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ಅದರ ತಂಡದಲ್ಲಿ ಸೈಕಿಯಾಟ್ರಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆಗೆ ಸೋಶಿಯಲ್ ವರ್ಕರ್‌ಗೂ ಜಾಗ ಇದೆ. ಮೂವರ ಕೆಲಸವೂ ಬೇರೆ, ಓದೂ ಬೇರೆ.

ಕನ್ನಡ ಮೀಡಿಯಂ ಮಕ್ಕಳಿಗೆ

ರಾಜ್ಯ ವಿವಿಗಳ ಬಿಎ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ತೊಂದರೆ ಪುಸ್ತಕದ್ದು. ಒಳ್ಳೇ ಪಠ್ಯಗಳು ಬಹುತೇಕ ಇಂಗ್ಲಿಷಿನಲ್ಲಿವೆ. ಎಂಎ ಪ್ರವೇಶ ಪರೀಕ್ಷೆಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಹಾಗಾಗಿ ಪರೀಕ್ಷೆ ಕನ್ನಡದಲ್ಲಿ ಬರೆದರೂ ಮೊದಲ ಸೆಮಿಸ್ಟರಿನಿಂದಲೇ ದಿನಕ್ಕೆ ಎರಡು ಪುಟ ಇಂಗ್ಲಿಷ್ ಪಠ್ಯ ಓದಿ. ಮೂರನೇ ವರ್ಷದಲ್ಲಿ ಶುರು ಮಾಡಿದರೆ ತಡ.

ಇಂಗ್ಲಿಷ್ ಮೀಡಿಯಂನವರು ಇದರ ಇನ್ನೊಂದು ಬದಿಯನ್ನು ಮರೆಯುತ್ತಾರೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬರುವ ರೈತ "ನನಗೆ ಡಿಪ್ರೆಶನ್ ಆಗೈತ್ರಿ" ಅನ್ನುವುದಿಲ್ಲ. "ಎದಿ ಭಾರ ಆಗೇತಿ, ಯಾವುದರ ಮ್ಯಾಲೂ ಮನಸಿಲ್ಲ, ರಾತ್ರಿ ನಿದ್ದಿ ಹತ್ತಂಗಿಲ್ಲ" ಅನ್ನುತ್ತಾನೆ. ಅದನ್ನು ಹಾಗೇ ಕೇಳಿಸಿಕೊಂಡು ಮುಂದಿನ ಪ್ರಶ್ನೆ ಕೇಳಬಲ್ಲವರು ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡುವವರೂ ಹೀಗೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು. ನಾಲ್ಕು ವರ್ಷ ಇಂಗ್ಲಿಷಿನಲ್ಲೇ ಓದಿದ ಹುಡುಗ ಇಲ್ಲಿ ಮಾತು ಹುಡುಕುತ್ತಾ ಕೂರುತ್ತಾನೆ.

ಸೇರುವ ಮುನ್ನ

ಕಾಲೇಜಿಗೆ ಹೋದಾಗ ಮುಖ್ಯವಾಗಿ ಮೂರು ವಿಷಯ ಕೇಳಿ. ಸೈಕಾಲಜಿಗೆ ಕಾಯಂ ಮೇಷ್ಟ್ರು ಎಷ್ಟು ಜನ? ಕಳೆದ ಬ್ಯಾಚಿನವರಲ್ಲಿ ಎಂಎ ಸೇರಿದವರು ಯಾರು, ಎಲ್ಲಿ? ಇಂಟರ್ನ್‌ಶಿಪ್ ಕಾಲೇಜೇ ಕೊಡಿಸುತ್ತದಾ, ಮಕ್ಕಳೇ ಹುಡುಕಿಕೊಳ್ಳಬೇಕಾ? ಉತ್ತರ ಕೊಡಲು ತಡವರಿಸುವ ಕಾಲೇಜು ಎಷ್ಟು ದೊಡ್ಡ ಕಟ್ಟಡದಲ್ಲಿದ್ದರೂ ಯೋಚಿಸಿ.

'ಬಿಎಸ್ಸಿ ಕ್ಲಿನಿಕಲ್ ಸೈಕಾಲಜಿ' ಅಂತ ಬೋರ್ಡ್ ಕಂಡರೆ ಆರ್‌ಸಿಐ ಒಪ್ಪಿಗೆ ಪತ್ರ ತೋರಿಸಿ ಅಂತ ಕೇಳಿ. ಅದು ಇಲ್ಲದಿದ್ದರೆ ಅದೂ ಎಲ್ಲ ಬಿಎಸ್ಸಿಗಳಂತೆ ಒಂದು ಬಿಎಸ್ಸಿ, ಅಷ್ಟೇ. ಹೊರದೇಶಕ್ಕೆ ಹೋಗುವ ಆಲೋಚನೆ ಇದ್ದರೆ ಮೂರು ವರ್ಷದ ಡಿಗ್ರಿಯನ್ನು ಒಪ್ಪದ ಅಮೆರಿಕದ ವಿವಿಗಳೂ ಇವೆ ಅನ್ನುವುದು ನೆನಪಿರಲಿ. ಅಂಥವರಿಗೆ ಆನರ್ಸಿನ ನಾಲ್ಕನೇ ವರ್ಷ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ದಿನಾಂಕಗಳೂ ಒಂದೇ ಸಮನೆ ಇರುವುದಿಲ್ಲ. ಖಾಸಗಿ ವಿವಿಗಳ ಅರ್ಜಿ ಪಿಯುಸಿ ಪರೀಕ್ಷೆಗೆ ಮೊದಲೇ ಶುರುವಾಗುತ್ತದೆ. ಸಿಯುಇಟಿ ಅರ್ಜಿಯನ್ನೂ ಫಲಿತಾಂಶಕ್ಕೆ ಕಾಯದೆ ಹಾಕಬೇಕು. ಸರ್ಕಾರಿ ಕಾಲೇಜು ಸೀಟು ಕೊಡುವುದು ಫಲಿತಾಂಶ ಬಂದ ಮೇಲೆ. ಈ ನಡುವೆ ಖಾಸಗಿಯವರು "ಸೀಟು ಹೋಗಿಬಿಡುತ್ತೆ, ಇವತ್ತೇ ಕಟ್ಟಿ" ಅಂತ ಫೋನ್ ಮಾಡುತ್ತಾರೆ. ಕಟ್ಟುವುದೇ ಆದರೆ, ಬಿಟ್ಟು ಹೋದಾಗ ಎಷ್ಟು ದುಡ್ಡು, ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾರೆ ಅಂತ ಬರಹದಲ್ಲಿ ತೆಗೆದುಕೊಂಡೇ ಕಟ್ಟಿ.